ಫಿಸಿಯೋಥೆರಪಿ ವಿದ್ಯಾರ್ಥಿಗೆ ಯಾವ ಅನಾಟಮಿ, ಎಷ್ಟು? ಪಾಠದ ಪಟ್ಟಿ ಮಾಡುವ ಒಂದು ದಾರಿ

ಫಿಸಿಯೋಥೆರಪಿ ಪದವಿಯಾದ ಬಿಪಿಟಿಯ ಮೊದಲ ವರ್ಷದ ಅನಾಟಮಿ (ದೇಹರಚನೆ) ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ತಪ್ಪದೆ ಬರುವ ಪ್ರಶ್ನೆಗಳಲ್ಲಿ ಸೊಂಟದ ಪಕ್ಕದ ಸ್ನಾಯು ಗ್ಲೂಟಿಯಸ್ ಮೀಡಿಯಸ್ ಒಂದು. ಓದಿಕೊಂಡು ಬಂದ ಹುಡುಗಿ ಒರಿಜಿನ್ (ಎಲ್ಲಿಂದ ಹೊರಡುತ್ತದೆ), ಇನ್ಸರ್ಷನ್ (ಎಲ್ಲಿ ಹೋಗಿ ಅಂಟುತ್ತದೆ), ನರ್ವ್ ಸಪ್ಲೈ (ಯಾವ ನರ), ಆಕ್ಷನ್ (ಏನು ಕೆಲಸ) ನಾಲ್ಕನ್ನೂ ಪಟಪಟನೆ ಒಪ್ಪಿಸುತ್ತಾಳೆ. ಸುಪೀರಿಯರ್ ಗ್ಲೂಟಿಯಲ್ ನರ್ವ್, ಬೆನ್ನುಹುರಿಯಿಂದ ಬರುವ ಅದರ ಬೇರುಗಳು ಎಲ್4, ಎಲ್5, ಎಸ್1. ಒಂದೂ ತಪ್ಪಿಲ್ಲ. "ಸರಿಯಮ್ಮ, ಬಲಗಡೆಯ ಈ ಸ್ನಾಯು ಸೋತಿದೆ. ರೋಗಿ ಬಲಗಾಲೊಂದರ ಮೇಲೇ ನಿಂತರೆ ಪೆಲ್ವಿಸ್ ಯಾವ ಕಡೆ ಇಳಿಯುತ್ತೆ?" ಎಂದು ಕೇಳಿ ನೋಡಿ. ತುಂಬಾ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಉತ್ತರ, ಪೆಲ್ವಿಸ್ (ಸೊಂಟದ ಮೂಳೆಗಟ್ಟು) ಇಳಿಯುವುದು ಎಡಗಡೆ. ಮುಂದೆ ಓಪಿಡಿಯಲ್ಲಿ ದಿನಾ ಬೇಕಾಗುವುದು ಈ ಎರಡನೇ ಉತ್ತರ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಏನು ಕಲಿಯಬೇಕು ಎಂದು ನಾವು ಹೇಳಿದೆವೋ ಅದನ್ನೇ ಅವರು ಕಲಿತಿದ್ದಾರೆ. ಹಲವು ಕಡೆ ಬಿಪಿಟಿ ಅನಾಟಮಿ ಎಂದರೆ ಎಂಬಿಬಿಎಸ್ ನೋಟ್ಸನ್ನೇ ಸ್ವಲ್ಪ ಕತ್ತರಿಸಿ ಕೊಡುವುದು. ಹೊಟ್ಟೆಯಿಂದ ಎರಡು ಪುಟ ತೆಗಿ, ತಲೆಯಿಂದ ಮೂರು ಪುಟ ತೆಗಿ, ಉಳಿದದ್ದು ಫಿಸಿಯೋದವರಿಗೆ. ಹೀಗೆ ಮಾಡಿದರೆ ಕೆಲವು ಕಡೆ ಜಾಸ್ತಿಯಾಗುತ್ತದೆ, ಕೆಲವು ಕಡೆ ಕಡಿಮೆಯಾಗುತ್ತದೆ. ಫಿಸಿಯೋಥೆರಪಿಸ್ಟ್‌ಗೆ ಕೀಲು, ಸ್ನಾಯು, ನರದ ವಿಷಯದಲ್ಲಿ ಬಹಳಷ್ಟು ವೈದ್ಯರಿಗಿಂತ ಆಳವಾದ ಅನಾಟಮಿ ಬೇಕು. ಅದು ಕತ್ತರಿಸಿ ಉಳಿಸಿಕೊಂಡ ನೋಟ್ಸಿನಲ್ಲಿ ಇರುವುದಿಲ್ಲ.

ಹಾಗಾದರೆ ಪಟ್ಟಿಯನ್ನು ಎಲ್ಲಿಂದ ಶುರು ಮಾಡಬೇಕು? ರೋಗಿಯಿಂದ. ಅಲ್ಲಿಂದ ಹಿಂದಕ್ಕೆ ಬಂದು ಅನಾಟಮಿಯನ್ನು ಮುಟ್ಟಬೇಕು. ಪಾಠ ಮಾಡುವ ಮೇಷ್ಟ್ರು, ಮೇಡಂಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಓದುವ ಮಕ್ಕಳೂ ತಮ್ಮ ಓದಿಗೆ ಇದನ್ನೇ ಬಳಸಬಹುದು.

ನಿಮ್ಮ ಕೈಯಲ್ಲಿ ಏನಿದೆ ಎಂದು ಮೊದಲು ನೋಡಿಕೊಳ್ಳಿ

ಸಿಲೆಬಸ್ ಬರೆಯುವುದು ವಿಶ್ವವಿದ್ಯಾಲಯ. ಕರ್ನಾಟಕದ ಹೆಚ್ಚಿನ ಫಿಸಿಯೋಥೆರಪಿ ಕಾಲೇಜುಗಳಿಗೆ ಅದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಫಿಸಿಯೋಥೆರಪಿಯಂಥ ಆರೋಗ್ಯ ವೃತ್ತಿಗಳಿಗಾಗಿ 2021ರ ಕಾಯ್ದೆ ಬಂದ ಮೇಲೆ ಇಡೀ ದೇಶಕ್ಕೆ ಅನ್ವಯಿಸುವ ಒಂದು ರಾಷ್ಟ್ರೀಯ ಆಯೋಗವೂ ಇದೆ. ಸಿಲೆಬಸ್‌ನಲ್ಲಿ ಅಚ್ಚಾಗಿರುವ ಒಂದು ಪಾಠವನ್ನು ನೀವು ಸುಮ್ನೆ ಕೈಬಿಡುವಂತಿಲ್ಲ. ಥಿಯರಿ ಪೇಪರ್‌ನಲ್ಲಿ ಅದು ಬಂದರೆ ಪೆಟ್ಟು ಬೀಳುವುದು ಮಕ್ಕಳಿಗೆ.

ಆದರೆ ಸಿಲೆಬಸ್‌ನಲ್ಲಿ ಇರುವುದು ಹೆಚ್ಚಾಗಿ ತಲೆಬರಹಗಳು ಮಾತ್ರ. "ಶೋಲ್ಡರ್ ಜಾಯಿಂಟ್" ಎಂದು ಒಂದು ಸಾಲು ಇರುತ್ತದೆ. ಅದಕ್ಕೆ ಒಂದು ಗಂಟೆಯೋ ಆರು ಗಂಟೆಯೋ, ಯಾವುದನ್ನು ಕೈಯಿಂದ ಮುಟ್ಟಿ ತೋರಿಸಬೇಕು, ಯಾವುದನ್ನು ಓದಿಕೊಂಡು ಬನ್ನಿ ಎಂದರೆ ಸಾಕು, ಇಂಟರ್ನಲ್‌ನಲ್ಲಿ ಏನು ಕೇಳಬೇಕು, ಇದನ್ನೆಲ್ಲ ತೀರ್ಮಾನಿಸುವವರು ನೀವು. ಈ ಸ್ವಾತಂತ್ರ್ಯ ಚಿಕ್ಕದಲ್ಲ. ಮುಂದೆ ಹೇಳುವುದೆಲ್ಲ ಇದರೊಳಗೇ ಆಗುವ ಕೆಲಸ.

ಪುಸ್ತಕ ಮುಚ್ಚಿ, ಓಪಿಡಿ ರಿಜಿಸ್ಟರ್ ತೆರೆಯಿರಿ

ನಿಮ್ಮ ಕಾಲೇಜಿಗೆ ಸೇರಿದ ಆಸ್ಪತ್ರೆಯ ಫಿಸಿಯೋಥೆರಪಿ ರಿಜಿಸ್ಟರ್ ತೆಗೆದುಕೊಳ್ಳಿ. ಕೆಲವು ತಿಂಗಳ ಹಾಳೆ ಸಾಕು. ಹೆಸರು, ವಿಳಾಸ ಬಿಟ್ಟು, ಯಾವ ತೊಂದರೆಗೆ ಬಂದರು ಎಂಬುದನ್ನು ಮಾತ್ರ ಬರೆದುಕೊಳ್ಳಿ. ಮಂಡಿ ಸವೆತ, ಸೊಂಟ ನೋವು, ಕತ್ತು ನೋವು, ಫ್ರೋಜನ್ ಶೋಲ್ಡರ್, ಮೂಳೆ ಮುರಿದು ಪ್ಲಾಸ್ಟರ್ ತೆಗೆದ ಮೇಲಿನ ಬಿಗಿತ, ಲಕ್ವ, ಮುಖದ ಲಕ್ವ, ಸೆರೆಬ್ರಲ್ ಪಾಲ್ಸಿ ಇರುವ ಮಗು, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು. ಯಾವುದು ಎಷ್ಟು ಸಲ ಬಂದಿದೆ ಎಂದು ಪಕ್ಕದಲ್ಲಿ ಗೆರೆ ಎಳೆಯುತ್ತಾ ಹೋಗಿ.

ಒಂದೇ ಆಸ್ಪತ್ರೆಯ ರಿಜಿಸ್ಟರ್ ನಂಬಿ ಕೂರಬೇಡಿ. ದೊಡ್ಡ ಊರಿನ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಕೀಲು ಬದಲಿಸಿಕೊಂಡವರು, ಐಸಿಯು ರೋಗಿಗಳು ಜಾಸ್ತಿ. ತಾಲ್ಲೂಕು ಆಸ್ಪತ್ರೆಗೆ ಬರುವವರು ಬೇರೆ. ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವವರು, ಅಡಿಕೆ ಮರದಿಂದ ಬಿದ್ದವರು, ಮನೆಯವರೇ ಎತ್ತಿಕೊಂಡು ಬಂದ ಲಕ್ವದ ರೋಗಿ. ನಿಮ್ಮ ವಿದ್ಯಾರ್ಥಿಗಳು ಎರಡೂ ಕಡೆ ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಕೊನೇ ಪಕ್ಷ ಎರಡು ಮೂರು ಬಗೆಯ ಜಾಗದಿಂದ ಪಟ್ಟಿ ತನ್ನಿ.

ರಿಜಿಸ್ಟರ್‌ನಲ್ಲಿ ಕಾಣದ ರೋಗಿಗಳೂ ಇದ್ದಾರೆ. ಹೆರಿಗೆಯಾದ ಮೇಲೆ ಕೆಮ್ಮಿದರೆ, ಸೀನಿದರೆ ಮೂತ್ರ ಸೋರುವ ಹೆಂಗಸರು ನಮ್ಮಲ್ಲಿ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೂ ಫಿಸಿಯೋ ಹತ್ತಿರ ಹೋಗಿ ಎಂದು ಕಳಿಸುವವರು ಕಡಿಮೆ. ರಿಜಿಸ್ಟರ್‌ನಲ್ಲಿ ಇಲ್ಲ ಎಂದು ಪೆಲ್ವಿಕ್ ಫ್ಲೋರ್ (ಸೊಂಟದ ತಳದ ಸ್ನಾಯುಗಳು) ಪಾಠವನ್ನು ಹದಿನೈದು ನಿಮಿಷದಲ್ಲಿ ಮುಗಿಸಿದರೆ, ಮುಂದಿನ ತಲೆಮಾರಿನ ಫಿಸಿಯೋಗಳಿಗೂ ಅದು ಗೊತ್ತಿರುವುದಿಲ್ಲ, ಹೆಂಗಸರೂ ಬರುವುದಿಲ್ಲ. ಲಿವೇಟರ್ ಏನೈ ಸ್ನಾಯುಗಳು, ಅವು ಎಲ್ಲಿಂದ ಎಲ್ಲಿಗೆ ಹಾಸಿಕೊಂಡಿವೆ, ಪುಡೆಂಡಲ್ ನರ ಎಸ್2ರಿಂದ ಎಸ್4, ಹೆರಿಗೆಯಲ್ಲಿ ಯಾವುದು ಹಿಗ್ಗುತ್ತದೆ, ಯಾವುದು ಹರಿಯಬಹುದು. ಇದಕ್ಕೆ ಒಂದು ಪೂರ್ತಿ ತರಗತಿ ಕೊಡಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹುಡುಗರ ಬ್ಯಾಚಿಗೂ ಕೊಡಬೇಕು.

ರೋಗದ ಹೆಸರಿನ ಎದುರು ಕೆಲಸ ಬರೆಯಿರಿ

ಈಗ ಪ್ರತಿ ತೊಂದರೆಯ ಮುಂದೆ ಫಿಸಿಯೋಥೆರಪಿಸ್ಟ್ ಏನು ಮಾಡುತ್ತಾರೆ ಎಂದು ಬರೆಯಿರಿ. ಕ್ರಿಯಾಪದದಲ್ಲಿ ಬರೆಯಿರಿ. ಮುಟ್ಟಿ ಗುರುತಿಸುತ್ತಾರೆ, ಅಳೆಯುತ್ತಾರೆ, ಕೀಲನ್ನು ಆಡಿಸುತ್ತಾರೆ, ಬಲ ಪರೀಕ್ಷಿಸುತ್ತಾರೆ, ಎಕ್ಸ್‌ರೇ ನೋಡುತ್ತಾರೆ, ಎಂಆರ್‌ಐ ರಿಪೋರ್ಟ್ ಓದುತ್ತಾರೆ, ರೋಗಿಗೆ ಅರ್ಥವಾಗುವಂತೆ ಹೇಳುತ್ತಾರೆ, ಇದು ನಮ್ಮ ಕೆಲಸವಲ್ಲ ಎಂದು ವೈದ್ಯರ ಹತ್ತಿರ ಕಳಿಸುತ್ತಾರೆ. "ಶೋಲ್ಡರ್ ಬಗ್ಗೆ ತಿಳಿದಿರಬೇಕು" ಎಂದು ಬರೆದರೆ ಅದರಿಂದ ಪಾಠ ಹುಟ್ಟುವುದಿಲ್ಲ. "ಕೈ ಎತ್ತುವಾಗ ಸ್ಕ್ಯಾಪುಲಾ (ಹೆಗಲ ಹಿಂದಿನ ಚಪ್ಪಟೆ ಮೂಳೆ) ಯಾವಾಗ, ಎಷ್ಟು ತಿರುಗುತ್ತಿದೆ ಎಂದು ಹಿಂದಿನಿಂದ ನೋಡಿ ಹೇಳುತ್ತಾರೆ" ಎಂದು ಬರೆದರೆ ಹುಟ್ಟುತ್ತದೆ. ಕೈ 180 ಡಿಗ್ರಿ ಮೇಲೆ ಹೋಗುವಾಗ ಸುಮಾರು 120 ಭುಜದ ಕೀಲಿನಿಂದ, 60 ಸ್ಕ್ಯಾಪುಲಾದಿಂದ ಬರುತ್ತದೆ. ಹಾಗಾದರೆ ಸ್ಕ್ಯಾಪುಲಾವನ್ನು ತಿರುಗಿಸುವ ಸ್ನಾಯುಗಳಾದ ಸೆರಾಟಸ್ ಆಂಟೀರಿಯರ್, ಟ್ರಪೀಜಿಯಸ್‌ನ ಮೇಲಿನ ಮತ್ತು ಕೆಳಗಿನ ಭಾಗ, ಜೊತೆಗೆ ಕ್ಲಾವಿಕಲ್‌ನ (ಕೊರಳೆಲುಬು) ಎರಡೂ ತುದಿಯ ಕೀಲು ತಾವಾಗಿಯೇ ಪಟ್ಟಿಗೆ ಬರುತ್ತವೆ. ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಸೆರಾಟಸ್ ಆಂಟೀರಿಯರ್‌ಗೆ ಹೋಗುವ ಲಾಂಗ್ ಥೊರಾಸಿಕ್ ನರಕ್ಕೆ ಪೆಟ್ಟಾದರೆ ಸ್ಕ್ಯಾಪುಲಾ ರೆಕ್ಕೆಯ ಹಾಗೆ ಏಳುತ್ತದೆ. ಆ ನರವೂ ಅದರ ಹಿಂದೆಯೇ ಬರುತ್ತದೆ.

ಒಂದು ಮಂಡಿಯನ್ನು ಹಿಡಿದು ಹಿಂದಕ್ಕೆ ಬನ್ನಿ

ಒಂದು ಸಾಲನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ಮಂಡಿಯ ಕೀಲು ಬದಲಿಸಿಕೊಂಡ ಒಬ್ಬ ಅಜ್ಜಿ. ಆಪರೇಷನ್ ಆಗಿ ಎರಡನೇ ದಿನ.

ಮೊದಲ ಕೆಲಸ, ಮಂಡಿ ಎಷ್ಟು ಮಡಚುತ್ತದೆ ಎಂದು ಗೋನಿಯೋಮೀಟರ್ ಎಂಬ ಕೋನಮಾಪಕದಲ್ಲಿ ಅಳೆಯುವುದು. ಅದಕ್ಕೆ ಮೂರು ಗುರುತು ಬೇಕು. ತೊಡೆಯ ಹೊರಬದಿಯಲ್ಲಿ ಗ್ರೇಟರ್ ಟ್ರೊಕ್ಯಾಂಟರ್, ಮಂಡಿಯ ಹೊರಬದಿಯಲ್ಲಿ ಲ್ಯಾಟರಲ್ ಎಪಿಕಾಂಡೈಲ್, ಕಣಕಾಲಿನಲ್ಲಿ ಲ್ಯಾಟರಲ್ ಮ್ಯಾಲಿಯೋಲಸ್. ಟೇಬಲ್ ಮೇಲಿನ ಒಣ ಮೂಳೆಯಲ್ಲಿ ಇವನ್ನು ತೋರಿಸುವುದು ಸುಲಭ. ಊದಿಕೊಂಡ ಮಂಡಿಯಲ್ಲಿ, ಸೀರೆಯ ಮೇಲಿಂದ, ಹುಡುಕುವುದು ಬೇರೆಯೇ ವಿದ್ಯೆ. ಪಟ್ಟಿಯಲ್ಲಿ ಬರೆಯಬೇಕಾದದ್ದು "ಗ್ರೇಟರ್ ಟ್ರೊಕ್ಯಾಂಟರ್, ಮುಟ್ಟಿ ಗುರುತಿಸಬೇಕು" ಎಂದು.

ಎರಡನೆಯದು, ಕಾಲನ್ನು ಪೂರ್ತಿ ನೇರ ಮಾಡಿಸುವುದು. ಅಜ್ಜಿ ಎತ್ತುತ್ತಾರೆ, ಆದರೆ ಕೊನೆಯ ಕೆಲವು ಡಿಗ್ರಿ ಆಗುವುದಿಲ್ಲ. ಇಲ್ಲಿ ತೊಡೆಯ ಮುಂದಿನ ಸ್ನಾಯು ಕ್ವಾಡ್ರಿಸೆಪ್ಸ್‌ನ ನಾಲ್ಕೂ ಭಾಗ, ಫೆಮೊರಲ್ ನರ, ಎಲ್2ರಿಂದ ಎಲ್4 ಬೇಕು. ಆ ನಾಲ್ಕರಲ್ಲಿ ಒಂದಾದ ರೆಕ್ಟಸ್ ಫೆಮೊರಿಸ್ ಹಿಪ್ ಕೀಲನ್ನೂ ದಾಟುತ್ತದೆ. ಹಾಗಾಗಿ ಕೂತು ಮಾಡಿಸುವ ವ್ಯಾಯಾಮಕ್ಕೂ ಮಲಗಿ ಮಾಡಿಸುವುದಕ್ಕೂ ವ್ಯತ್ಯಾಸ ಇದೆ. ಇದು ಒರಿಜಿನ್ ಗೊತ್ತಿರಲೇಬೇಕಾದ ಜಾಗ.

ಮೂರನೆಯದು ದಿಂಬು. ನೋವು ಎಂದು ಮನೆಯವರು ಮಂಡಿಯ ಕೆಳಗೆ ದಿಂಬು ಇಡುತ್ತಾರೆ. ಅಜ್ಜಿಗೆ ಹಿತ ಅನಿಸುತ್ತದೆ. ಆದರೆ ಕೀಲಿನ ಹಿಂಬದಿಯ ಕ್ಯಾಪ್ಸೂಲ್, ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ಸ್, ಮಂಡಿಯನ್ನೂ ದಾಟುವ ಮೀನಖಂಡದ ಸ್ನಾಯು ಗ್ಯಾಸ್ಟ್ರೊಕ್ನೀಮಿಯಸ್ ಇವೆಲ್ಲ ಹಾಗೇ ಗಿಡ್ಡವಾಗಿ, ಮಂಡಿ ಮಡಚಿದ ಸ್ಥಿತಿಯಲ್ಲೇ ಬಿಗಿಯುತ್ತದೆ. ದಿಂಬನ್ನು ಯಾಕೆ ತೆಗೆಯಬೇಕು ಎಂದು ಮಗಳಿಗೆ ವಿವರಿಸಲು ಈ ಅನಾಟಮಿ ಬೇಕು.

ಆಮೇಲೆ ಅಜ್ಜಿ ಹೇಳುತ್ತಾರೆ, "ಗಾಯದ ಹೊರಗಡೆ ಅಂಗೈ ಅಗಲ ಜೋಮು ಹಿಡಿದ ಹಾಗಿದೆ ಕಣಪ್ಪ, ಏನಾದ್ರೂ ಆಗಿದ್ಯಾ?" ಮಂಡಿಯ ಮುಂದೆ ಉದ್ದಕ್ಕೆ ಕೊಯ್ದಾಗ ಸಫಿನಸ್ ನರದ ಇನ್‌ಫ್ರಾಪಟೆಲ್ಲರ್ ಕವಲು ಕತ್ತರಿಸಿಹೋಗುವುದು ಸಾಮಾನ್ಯ. ಚರ್ಮದ ಆ ಭಾಗ ಮರಗಟ್ಟುತ್ತದೆ, ನಡಿಗೆಗೆ ತೊಂದರೆಯಿಲ್ಲ. ಇದು ಗೊತ್ತಿರುವ ಫಿಸಿಯೋ ಒಂದೇ ನಿಮಿಷದಲ್ಲಿ ಅಜ್ಜಿಯ ಹೆದರಿಕೆ ಕಳೆಯುತ್ತಾರೆ. ಅದೇ ಪಾದವನ್ನು ಮೇಲಕ್ಕೆ ಎತ್ತಲು ಆಗುತ್ತಿಲ್ಲ ಎಂದರೆ ಮಾತೇ ಬೇರೆ. ಆಗ ಕಾಮನ್ ಪೆರೋನಿಯಲ್ ನರವನ್ನು ಯೋಚಿಸಬೇಕು, ತಕ್ಷಣ ಸರ್ಜನ್‌ಗೆ ಹೇಳಬೇಕು. ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ವೇನ್‌ಗಳಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಗ ಉಜ್ಜುವುದು, ವ್ಯಾಯಾಮ ಎಲ್ಲ ನಿಲ್ಲಿಸಿ ವೈದ್ಯರನ್ನು ಕರೆಯಬೇಕು.

ಕೊನೆಯ ಪ್ರಶ್ನೆ ಅಜ್ಜಿ ಕೇಳಿಯೇ ಕೇಳುತ್ತಾರೆ. "ಕೆಳಗೆ ಕೂತ್ಕೋಬಹುದಾ?" ನಡೆಯಲು ಮಂಡಿ ಸುಮಾರು 60 ಡಿಗ್ರಿ ಮಡಚಿದರೆ ಸಾಕು. ಕುಕ್ಕರಗಾಲಲ್ಲಿ ಕೂರಲು 130ಕ್ಕಿಂತ ಜಾಸ್ತಿ ಬೇಕು, ಜೊತೆಗೆ ಕಣಕಾಲು ಚೆನ್ನಾಗಿ ಬಗ್ಗಬೇಕು. ಚಕ್ಕಳಮಕ್ಕಳ ಹಾಕಲು ಹಿಪ್ ಹೊರಕ್ಕೆ ತಿರುಗಬೇಕು. ಕುರ್ಚಿಯ ಬದುಕನ್ನು ಲೆಕ್ಕದಲ್ಲಿಟ್ಟು ಬರೆದ ಪಾಠಗಳಲ್ಲಿ ಕೀಲಿನ ಈ ಕೊನೆಯ ಹಂತದ ಚಲನೆಗೆ ಹೆಚ್ಚು ಜಾಗ ಇರುವುದಿಲ್ಲ. ನಮ್ಮಲ್ಲಿ ಊಟ, ಪೂಜೆ, ನಮಾಜು, ಶೌಚ, ಹೊಲದ ಕೆಲಸ ಎಲ್ಲವೂ ನೆಲದ ಹತ್ತಿರ. ಅಲ್ವಾ? ಹಾಗಾಗಿ ಪೂರ್ತಿ ಮಡಚಿದ ಮಂಡಿಯಲ್ಲಿ ಮಂಡಿಚಿಪ್ಪು ಎಲ್ಲಿರುತ್ತದೆ, ಮೆನಿಸ್ಕಸ್ (ಕೀಲಿನೊಳಗಿನ ಮೆತ್ತೆ) ಎತ್ತ ಸರಿಯುತ್ತದೆ, ಮೀನಖಂಡದ ಒಳಸ್ನಾಯು ಸೋಲಿಯಸ್ ಎಷ್ಟು ಹಿಗ್ಗಬೇಕು ಎಂಬುದು ನಮ್ಮ ಪಟ್ಟಿಯಲ್ಲಿ ಇರಲೇಬೇಕು.

ಇಷ್ಟೆಲ್ಲ ಬರೆದಾದ ಮೇಲೆ ಯಾವುದು ಬರಲಿಲ್ಲ ನೋಡಿ. ಮಂಡಿಯ ಹಿಂದಿನ ಪಾಪ್ಲಿಟಿಯಲ್ ಆರ್ಟರಿಯಿಂದ ಹೊರಡುವ ಐದು ಜೆನಿಕ್ಯುಲರ್ ಆರ್ಟರಿಗಳ ಹೆಸರು ಎಲ್ಲೂ ಬರಲಿಲ್ಲ. ಮಂಡಿಯ ಸುತ್ತ ರಕ್ತನಾಳಗಳ ಬಲೆಯೊಂದಿದೆ ಎಂದು ಗೊತ್ತಿದ್ದರೆ ಫಿಸಿಯೋಗೆ ಸಾಕು. ಒಂದೊಂದರ ಹೆಸರು, ದಾರಿ ಉರುಹೊಡೆಯುವ ಆ ಸಂಜೆಯನ್ನು ಮಕ್ಕಳು ಪಕ್ಕದವರ ಮಂಡಿ ಮುಟ್ಟಿ ಕಲಿಯಲು ಬಳಸಲಿ.

ಮೂರು ರಾಶಿ ಮಾಡಿ

ಹೀಗೆ ಹತ್ತಿಪ್ಪತ್ತು ಸಾಲು ಮಾಡಿದರೆ ಅನಾಟಮಿಯ ಉದ್ದನೆಯ ಪಟ್ಟಿ ಕೈಗೆ ಬರುತ್ತದೆ. ಅದರಲ್ಲಿ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ. ಇದು ಗೊತ್ತಿಲ್ಲದಿದ್ದರೆ ಯಾವ ರೋಗಿಗೆ ಏನು ತಪ್ಪಾಗುತ್ತದೆ?

ರೋಗಿಯ ಮುಂದೆ ನಿಂತಾಗ ಯೋಚಿಸಲು ಸಮಯ ಸಿಗದೆ, ತಕ್ಷಣ ಬೇಕಾಗುವುದೆಲ್ಲ ಮೊದಲ ರಾಶಿ. ಮೈಯೋಟೋಮ್ (ಒಂದು ನರದ ಬೇರು ನಡೆಸುವ ಸ್ನಾಯುಗಳು), ಡರ್ಮಟೋಮ್ (ಒಂದು ನರದ ಬೇರಿಗೆ ಸೇರಿದ ಚರ್ಮದ ಭಾಗ), ದೊಡ್ಡ ಕೀಲುಗಳ ಲಿಗಮೆಂಟ್, ಬಾಹ್ಯ ನರಗಳು ಮೂಳೆಗೆ ಒತ್ತಿಕೊಂಡು ಹೋಗುವ ಜಾಗಗಳು, ಮುಟ್ಟಿ ಗುರುತಿಸುವ ಬೋನಿ ಲ್ಯಾಂಡ್‌ಮಾರ್ಕ್‌ಗಳು ಇಲ್ಲಿ ಬರುತ್ತವೆ. ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎತ್ತುವ ಬಲ ಕಡಿಮೆಯಾಗಿದೆ ಎಂದ ಕೂಡಲೇ ಎಲ್5 ನೆನಪಾಗಬೇಕು. ಎಲ್4-ಎಲ್5 ನಡುವಿನ ಡಿಸ್ಕ್ ಜಾರಿದರೆ ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವುದೂ ಎಲ್5 ನರದ ಬೇರೇ ಎಂದು ಜೊತೆಯಲ್ಲೇ ಹೊಳೆಯಬೇಕು. ಇದಕ್ಕೆ ಪುಸ್ತಕ ತೆರೆಯಲು ಆಗುವುದಿಲ್ಲ.

ಎರಡನೇ ರಾಶಿಯಲ್ಲಿ ತತ್ವ ಗೊತ್ತಿದ್ದು, ವಿವರವನ್ನು ಬೇಕಾದಾಗ ನೋಡಿಕೊಳ್ಳಬಹುದಾದವು ಇರುತ್ತವೆ. ಮುಂಗೈಯ ಪ್ರತಿ ಸ್ನಾಯುವಿನ ನಿಖರ ಒರಿಜಿನ್ ಇಂಥದ್ದು. ಮೊಣಕೈಯ ಹೊರಬದಿಯಿಂದ ಹೊರಡುವವು ಮಣಿಕಟ್ಟನ್ನು ಮೇಲಕ್ಕೆ ಎತ್ತುತ್ತವೆ, ಒಳಬದಿಯವು ಮಡಚುತ್ತವೆ, ಯಾವ ಗುಂಪಿಗೆ ಯಾವ ನರ ಎಂದು ಖಚಿತವಾಗಿದ್ದರೆ ಉಳಿದದ್ದನ್ನು ಕೈ ಚಿಕಿತ್ಸೆಯಲ್ಲಿ ಪಳಗುವಾಗ ಕಲಿಯಬಹುದು. ಬೆನ್ನಿನ ಆಳದ ಸ್ನಾಯುಗಳಲ್ಲಿ ಮಲ್ಟಿಫಿಡಸ್ ಬಿಡಿಯಾಗಿ ಗೊತ್ತಿರಲಿ, ಉಳಿದವು ಗುಂಪಾಗಿ ಸಾಕು.

ಕೈಯೊಳಗಿನ ಚಿಕ್ಕ ಸ್ನಾಯುಗಳ ವಿಷಯದಲ್ಲಿ ಮಾತ್ರ ಆತುರ ಪಡಬೇಡಿ. ಲಂಬ್ರಿಕಲ್, ಇಂಟರಾಸಿಯಸ್ ಎಲ್ಲವನ್ನೂ ಎರಡನೇ ರಾಶಿಗೆ ತಳ್ಳುವ ಆಸೆ ಆಗುತ್ತದೆ. ಆದರೆ ನಮ್ಮ ದೇಶದಲ್ಲಿ ಕುಷ್ಠ ಇನ್ನೂ ಇದೆ. ಅಲ್ನಾರ್ ನರ ಮೊಣಕೈ ಹತ್ತಿರ ದಪ್ಪವಾಗಿ, ಬೆರಳು ಕೊಕ್ಕೆಯಾದ ಕೈಯನ್ನು ಗುರುತಿಸುವವರಲ್ಲಿ ಫಿಸಿಯೋ ಮೊದಲಿಗರಾಗಿರಬಹುದು. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಸರ್ಜನ್ ಪಾಲ್ ಬ್ರಾಂಡ್ ಇಂಥ ಬೆರಳುಗಳಿಗೆ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಬದಲಿಸಿ ಜೋಡಿಸುವ ಶಸ್ತ್ರಚಿಕಿತ್ಸೆ ಶುರು ಮಾಡಿದರು. ಬೇರೆ ಕೆಲಸ ಮಾಡುತ್ತಿದ್ದ ಸ್ನಾಯುವಿಗೆ ಹೊಸ ಕೆಲಸ ಕಲಿಸಬೇಕು. ಆಪರೇಷನ್ ಆದಮೇಲೆ ಆ ಪಾಠ ಮಾಡುವುದು ಥೆರಪಿಸ್ಟ್. ಹಳೆಯ ಕೆಲಸವೇನು, ಹೊಸದೇನು ಎಂದು ಗೊತ್ತಿಲ್ಲದೆ ಅದು ಆಗದು.

ಮೂರನೇ ರಾಶಿಯವು ಪರೀಕ್ಷೆಗೆ ಬೇಕು, ಹೆಸರು ಕೇಳಿದ್ದರೆ ಸಾಕು. ಟೆರಿಗೋಪಲಟೈನ್ ಫಾಸಾದ ಗೋಡೆಗಳು, ಎಕ್ಸ್‌ಟರ್ನಲ್ ಕರೋಟಿಡ್‌ನ ಎಲ್ಲ ಕವಲು, ಪೆರಿಟೋನಿಯಂನ ಮಡಿಕೆಗಳು. ಇದಕ್ಕೆ ಒಳ್ಳೆಯ ಹ್ಯಾಂಡ್‌ಔಟ್ ಕೊಡಿ, ಹಳೆಯ ಪ್ರಶ್ನೆಪತ್ರಿಕೆ ಕೊಡಿ. ಡಿಸೆಕ್ಷನ್ ಹಾಲಿನ ಅಮೂಲ್ಯ ಸಮಯವನ್ನು ಕೊಡಬೇಡಿ.

ಒಳಾಂಗಗಳನ್ನೆಲ್ಲ ಒಟ್ಟಿಗೆ ಮೂರನೇ ರಾಶಿಗೆ ಹಾಕುವುದೂ ತಪ್ಪು. ಐಸಿಯುನಲ್ಲಿ ಕಫ ತೆಗೆಸುವ ಫಿಸಿಯೋಗೆ ಶ್ವಾಸಕೋಶದ ಲೋಬ್, ಸೆಗ್ಮೆಂಟ್ ಮೊದಲ ರಾಶಿ. ಬಲಗಡೆಯ ಮುಖ್ಯ ಬ್ರಾಂಕಸ್ (ಶ್ವಾಸನಾಳದ ಕವಲು) ಎಡಗಡೆಗಿಂತ ಅಗಲ, ಗಿಡ್ಡ, ಹೆಚ್ಚು ನೇರ. ಆದ್ದರಿಂದ ನೆತ್ತಿಗೇರಿದ ಆಹಾರ ಹೆಚ್ಚಾಗಿ ಬಲಕ್ಕೆ ಹೋಗುತ್ತದೆ. ಯಾವಾಗಲೂ ಅಂಗಾತ ಮಲಗಿರುವ ರೋಗಿಯ ಹಿಂಬದಿಯ ಸೆಗ್ಮೆಂಟ್‌ಗಳಲ್ಲಿ ಕಫ ನಿಲ್ಲುತ್ತದೆ. ಇನ್ನು ಡಯಾಫ್ರಮ್‌ಗೆ (ಉಸಿರಾಟದ ಸ್ನಾಯು, ವಪೆ) ನರ ಬರುವುದು ಸಿ3, ಸಿ4, ಸಿ5ರಿಂದ. ಭುಜದ ಮೇಲಿನ ಚರ್ಮಕ್ಕೂ ನರ ಬರುವುದು ಇದೇ ಮಟ್ಟದಿಂದ. ಅದಕ್ಕೇ ಡಯಾಫ್ರಮ್ ಕೆಳಗಿರುವ ಪಿತ್ತಕೋಶದ ತೊಂದರೆ ಇರುವವರು ಕೆಲವೊಮ್ಮೆ ಬಲಭುಜ ನೋಯುತ್ತದೆ ಎಂದು ನಮ್ಮ ಹತ್ತಿರ ಬರುತ್ತಾರೆ.

ಅಪಾಯದ ಪಟ್ಟಿ ಪ್ರತ್ಯೇಕವಾಗಿರಲಿ

ರಿಜಿಸ್ಟರ್ ಹೇಳುವುದು ಯಾವುದು ಸಾಮಾನ್ಯ ಎಂದು. ಯಾವುದು ಅಪಾಯ ಎಂದು ಅದು ಹೇಳುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ಬರಬಹುದಾದ, ಆದರೆ ಬಂದಾಗ ತಪ್ಪಿದರೆ ರೋಗಿಯ ಬದುಕೇ ಹಾಳಾಗುವ ಸಂಗತಿಗಳಿಗೆ ಬೇರೆ ಹಾಳೆ ಇಡಿ.

ಸ್ಪೈನಲ್ ಕಾರ್ಡ್ ದೊಡ್ಡವರಲ್ಲಿ ಎಲ್1-ಎಲ್2 ಹತ್ತಿರ ಮುಗಿಯುತ್ತದೆ. ಅದರ ಕೆಳಗೆ ಇರುವುದು ನರದ ಬೇರುಗಳ ಗೊಂಚಲು, ಕಾಡಾ ಈಕ್ವೈನಾ. ಸೊಂಟ ನೋವಿನ ರೋಗಿ "ಎರಡೂ ಕಾಲು ಸೋತ ಹಾಗಿದೆ, ಕೂರುವ ಜಾಗ ಮರಗಟ್ಟಿದೆ, ಮೂತ್ರ ಕಟ್ಟಿದೆ" ಎಂದರೆ ಅದು ಕರೆಂಟ್ ಹಿಡಿಸಿ ಕಳಿಸುವ ಕೇಸಲ್ಲ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ ವರ್ಟಿಬ್ರಲ್ ಆರ್ಟರಿ ಸಾಮಾನ್ಯವಾಗಿ ಸಿ6ರಿಂದ ಮೇಲಕ್ಕೆ ಕತ್ತಿನ ಮೂಳೆಗಳ ರಂಧ್ರಗಳೊಳಗೆ ಹತ್ತಿ, ಸಿ1ರ ಮೇಲೆ ತಿರುವು ತೆಗೆದುಕೊಂಡು ತಲೆಯೊಳಗೆ ಹೋಗುತ್ತದೆ. ಈ ದಾರಿ ಕಣ್ಣಮುಂದೆ ಇರುವವರು ಕತ್ತನ್ನು ಜೋರಾಗಿ ತಿರುಗಿಸುವ ಮೊದಲು ಯೋಚಿಸುತ್ತಾರೆ. ಲಕ್ವ ಹೊಡೆದವರ ಭುಜವೂ ಈ ಹಾಳೆಗೆ ಸೇರಬೇಕು. ಅಲ್ಲಿ ಕೀಲಿನ ಬಟ್ಟಲು ಆಳವಿಲ್ಲ, ಹಿಡಿದಿಡುವ ಸ್ನಾಯುಗಳು ಸೋತಿವೆ. ರೋಗಿಯನ್ನು ಎಬ್ಬಿಸುವಾಗ ಆ ಕೈ ಹಿಡಿದು ಎಳೆಯಬಾರದು ಎಂಬುದು ಮನೆಯವರಿಗೂ ವಾರ್ಡ್ ಆಯಾಗೂ ತಲುಪಬೇಕಾದ ಅನಾಟಮಿ.

ಬೇರೆಯವರನ್ನು ಕೇಳಿ, ಆದರೆ ಒಟ್ಟಿಗೆ ಕೂರಿಸಿ ಕೇಳಬೇಡಿ

ನಿಮ್ಮೊಬ್ಬರ ಪಟ್ಟಿಯಲ್ಲಿ ನಿಮ್ಮ ಇಷ್ಟ ಅನಿಷ್ಟ ಇರುತ್ತದೆ. ಅನಾಟಮಿ ಪ್ರೊಫೆಸರ್‌ಗೆ ಎಲ್ಲವೂ ಮುಖ್ಯ. ಸ್ಪೋರ್ಟ್ಸ್ ಫಿಸಿಯೋಗೆ ಮಂಡಿ, ಭುಜ ಬಿಟ್ಟರೆ ಬೇರೆ ಕಾಣುವುದಿಲ್ಲ. ಒಂದು ಮೀಟಿಂಗ್ ಕರೆದರೆ ಹಿರಿಯರು ಹೇಳಿದ್ದೇ ಕೊನೆಯ ಮಾತಾಗುತ್ತದೆ, ಚಿಕ್ಕವರು ತಲೆಯಾಡಿಸುತ್ತಾರೆ.

ಇದಕ್ಕೆ ಡೆಲ್ಫೈ ಎಂಬ ವಿಧಾನ ಇದೆ. 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ರೂಪುಗೊಂಡದ್ದು. ಬ್ರಿಟನ್ನಿನ ಅನಾಟಮಿಕಲ್ ಸೊಸೈಟಿ ವೈದ್ಯ ವಿದ್ಯಾರ್ಥಿಗಳಿಗೆ ಯಾವ ಅನಾಟಮಿ ಬೇಕು ಎಂದು ತೀರ್ಮಾನಿಸಲು ಇದನ್ನೇ ಬಳಸಿತು. ನಮ್ಮ ಮಟ್ಟದಲ್ಲಿ ಇದನ್ನು ಗೂಗಲ್ ಫಾರ್ಮ್‌ನಲ್ಲೇ ಮಾಡಬಹುದು. ಪಟ್ಟಿಯ ಪ್ರತಿ ಅಂಶಕ್ಕೂ "ಬೇಕೇ ಬೇಕು, ಇದ್ದರೆ ಒಳ್ಳೆಯದು, ಬೇಡ" ಎಂದು ಆಯ್ಕೆ ಕೊಡಿ. ಯಾರು ಏನು ಹೇಳಿದರು ಎಂದು ಗೊತ್ತಾಗಬಾರದು. ಮೊದಲ ಸುತ್ತಿನ ಫಲಿತಾಂಶವನ್ನೂ ಕಾರಣಗಳನ್ನೂ ಹೆಸರಿಲ್ಲದೆ ಎಲ್ಲರಿಗೂ ಕಳಿಸಿ. ಅದನ್ನು ನೋಡಿ ಎರಡನೇ ಸಲ ಮತ ಹಾಕಲಿ. ಎಷ್ಟು ಜನ ಒಪ್ಪಿದರೆ ಒಳಗೆ ಎಂಬುದನ್ನು ಶುರುವಿನಲ್ಲೇ ಬರೆದಿಡಿ, ಆಮೇಲೆ ಬದಲಿಸಬೇಡಿ.

ಯಾರನ್ನು ಕೇಳುತ್ತೀರಿ ಎಂಬುದು ಮುಖ್ಯ. ಅನಾಟಮಿ ಕಲಿಸುವವರು, ಐಸಿಯು ಫಿಸಿಯೋ, ನ್ಯೂರೋ, ಮಕ್ಕಳ ವಿಭಾಗ, ಮನೆ ಮನೆಗೆ ಹೋಗಿ ಚಿಕಿತ್ಸೆ ಕೊಡುವವರು, ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಇರುವವರು. ಕೆಲಸಕ್ಕೆ ಸೇರಿ ವರ್ಷ ಎರಡು ವರ್ಷ ಆದ ಹಳೆಯ ವಿದ್ಯಾರ್ಥಿಗಳನ್ನು ಮಾತ್ರ ಮರೆಯಬೇಡಿ. ಏನು ಗೊತ್ತಿಲ್ಲದೆ ರೋಗಿಯ ಮುಂದೆ ಪೇಚಾಡಿದೆ ಎಂದು ಅವರಿಗೆ ಇನ್ನೂ ಹಸಿಯಾಗಿ ನೆನಪಿರುತ್ತದೆ.

ಎಲ್ಲಿ ಕಲಿಸಬೇಕು: ಶವ, ಮೂಳೆ, ಪಕ್ಕದ ಗೆಳೆಯನ ಬೆನ್ನು

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಅಂಶದ ಪಕ್ಕ ಅದನ್ನು ಎಲ್ಲಿ ತೋರಿಸುತ್ತೀರಿ ಎಂದು ಬರೆಯಿರಿ. ಸ್ನಾಯುಗಳ ಪದರ, ಕಾಲಿಗೆ ಇಳಿಯುವ ಸಿಯಾಟಿಕ್ ನರದ ದಪ್ಪ, ಬ್ರೇಕಿಯಲ್ ಪ್ಲೆಕ್ಸಸ್ (ಕೈಗೆ ಹೋಗುವ ನರಗಳ ಜಾಲ) ಕಂಕುಳಲ್ಲಿ ಹರಡಿರುವ ರೀತಿ, ಇವಕ್ಕೆ ಶವವೇ ಬೇಕು. ಚಿತ್ರದಲ್ಲಿ ಸಿಯಾಟಿಕ್ ನರ ದಾರದ ಹಾಗೆ ಕಾಣುತ್ತದೆ. ಹೆಬ್ಬೆರಳಿನ ಅಗಲದ ನರವನ್ನು ಡಿಸೆಕ್ಷನ್ ಟೇಬಲ್ ಮೇಲೆ ಒಮ್ಮೆ ನೋಡಿದವರು ಮರೆಯುವುದಿಲ್ಲ. ಕೆಲವರಲ್ಲಿ ಅದು ಪೃಷ್ಠದ ಪೈರಿಫಾರ್ಮಿಸ್ ಸ್ನಾಯುವನ್ನು ತಲುಪುವ ಮೊದಲೇ ಕವಲೊಡೆದಿರುತ್ತದೆ ಎಂಬುದೂ ಅಲ್ಲೇ ಗೊತ್ತಾಗುವುದು.

ಮುಟ್ಟಿ ಗುರುತಿಸುವುದನ್ನು ಮಾತ್ರ ಜೀವಂತ ದೇಹದ ಮೇಲೆಯೇ ಕಲಿಸಬೇಕು. ಸ್ಕ್ಯಾಪುಲಾದ ಕೆಳತುದಿ ಸುಮಾರು ಟಿ7 ಮಟ್ಟಕ್ಕೆ, ಸೊಂಟದ ಎರಡೂ ಕಡೆಯ ಇಲಿಯಾಕ್ ಕ್ರೆಸ್ಟ್ ಸೇರಿಸಿ ಗೆರೆ ಎಳೆದರೆ ಎಲ್4 ಹತ್ತಿರ. ಇದನ್ನು ಸಹಪಾಠಿಯ ಬೆನ್ನ ಮೇಲೆ ಪೆನ್ನಿನಿಂದ ಗುರುತು ಹಾಕಿ ಕಲಿಯಲಿ. ದಪ್ಪ ಇರುವವರ ಮೇಲೂ ತೆಳ್ಳಗಿರುವವರ ಮೇಲೂ ಮಾಡಲಿ. ಪಾಮಾರಿಸ್ ಲಾಂಗಸ್‌ನಂಥ ಸ್ನಾಯು ಕೆಲವರ ಕೈಯಲ್ಲಿ ಇರುವುದೇ ಇಲ್ಲ ಎಂಬುದನ್ನು ತರಗತಿಯೊಳಗೇ ಹುಡುಕಿ ನೋಡಲಿ. ಹುಡುಗ ಹುಡುಗಿಯರ ಬ್ಯಾಚ್ ಬೇರೆ ಮಾಡಿ, ಪರದೆ ಹಾಕಿ, ಒಲ್ಲೆ ಎಂದವರನ್ನು ಒತ್ತಾಯಿಸಬೇಡಿ. ಮುಟ್ಟುವ ಮೊದಲು ಅನುಮತಿ ಕೇಳುವ ಅಭ್ಯಾಸವೂ ಇಲ್ಲೇ ಶುರುವಾಗಲಿ.

ಪಾಠದ ಅನುಕ್ರಮದ ಬಗ್ಗೆ ಒಂದೇ ಮಾತು. ನ್ಯೂರೋಅನಾಟಮಿಯನ್ನು ಮೊದಲ ವರ್ಷದಲ್ಲಿ ಒಮ್ಮೆ ಕಲಿಸಿ ಬಿಟ್ಟರೆ ನ್ಯೂರಾಲಜಿ ಬರುವ ಹೊತ್ತಿಗೆ ಅದು ಮಾಯವಾಗಿರುತ್ತದೆ. ಮಿದುಳಿನ ಮಿಡಲ್ ಸೆರೆಬ್ರಲ್ ಆರ್ಟರಿಯ ಲಕ್ವದಲ್ಲಿ ಕಾಲಿಗಿಂತ ಕೈ, ಮುಖ ಯಾಕೆ ಹೆಚ್ಚು ಸೋಲುತ್ತದೆ ಎಂಬುದನ್ನು ವಾರ್ಡಿನಲ್ಲಿ ರೋಗಿಯನ್ನು ನೋಡುವ ವಾರವೇ ಮತ್ತೊಮ್ಮೆ ಹೇಳಿಕೊಡಿ. ಕ್ಲಿನಿಕಲ್ ವಿಷಯ ಕಲಿಸುವವರ ಜೊತೆ ಮಾತಾಡಿ ಒಂದೊಂದು ಗಂಟೆ ತೆಗೆದಿಟ್ಟುಕೊಂಡರೆ ಆಗುವ ಕೆಲಸ ಇದು.

ಪ್ರಶ್ನೆ ಬದಲಾಗದಿದ್ದರೆ ಓದೂ ಬದಲಾಗುವುದಿಲ್ಲ

ಮಕ್ಕಳು ಪಟ್ಟಿ ನೋಡಿ ಓದುವುದಿಲ್ಲ, ವೈವಾದಲ್ಲಿ ಏನು ಕೇಳುತ್ತಾರೆ ಎಂದು ಸೀನಿಯರ್‌ಗಳನ್ನು ಕೇಳಿ ಓದುತ್ತಾರೆ. ಆದ್ದರಿಂದ ಇಂಟರ್ನಲ್ ವೈವಾ ಪ್ರಶ್ನೆಗಳನ್ನು ನಿಮ್ಮ ಮೊದಲ ರಾಶಿಯಿಂದಲೇ ತೆಗೆಯಿರಿ. "ಕಾಮನ್ ಪೆರೋನಿಯಲ್ ನರದ ಕೋರ್ಸ್ ಹೇಳಿ" ಬದಲು, "ಕಾಲಿಗೆ ಪ್ಲಾಸ್ಟರ್ ಹಾಕಿದ ರೋಗಿಗೆ ಪಾದ ಮೇಲೆತ್ತಲು ಆಗುತ್ತಿಲ್ಲ. ಪ್ಲಾಸ್ಟರ್ ಎಲ್ಲಿ ಒತ್ತಿರಬಹುದು? ನಿನ್ನ ಕಾಲಲ್ಲೇ ಆ ಜಾಗ ಮುಟ್ಟಿ ತೋರಿಸು" ಎಂದು ಕೇಳಿ. ಮಂಡಿಯ ಕೆಳಗೆ ಹೊರಬದಿಯಲ್ಲಿ, ಫಿಬುಲಾ ಮೂಳೆಯ ಕತ್ತಿನ ಹತ್ತಿರ ಬೆರಳು ಹೋದರೆ ಅವರಿಗೆ ಕೋರ್ಸ್ ಗೊತ್ತಿದೆ ಎಂದೇ ಅರ್ಥ. ಸ್ಪಾಟರ್ಸ್‌ನಲ್ಲಿ (ತೋರಿಸಿದ್ದನ್ನು ಗುರುತಿಸುವ ಪರೀಕ್ಷೆ) ಅರ್ಧವಾದರೂ ಜೀವಂತ ದೇಹದ ಗುರುತುಗಳಾಗಲಿ. ಒಂದೆರಡು ಎಕ್ಸ್‌ರೇ ಇಡಿ. ವಿಶ್ವವಿದ್ಯಾಲಯದ ಪರೀಕ್ಷೆಗೆ ಬೇಕಾದ ಹಳೇ ಮಾದರಿಯ ಪ್ರಶ್ನೆಗಳನ್ನು ಕೊನೆಯ ತಿಂಗಳಲ್ಲಿ ಅಭ್ಯಾಸ ಮಾಡಿಸಿ. ಅರ್ಥವಾಗಿ ಕಲಿತವರಿಗೆ ಅದು ಕಷ್ಟವಲ್ಲ.

ಪಟ್ಟಿಗೆ ತಾರೀಖು ಹಾಕಿ

ಒಂದು ಕಾಲದಲ್ಲಿ ನಮ್ಮ ಫಿಸಿಯೋಥೆರಪಿ ವಿಭಾಗಗಳಲ್ಲಿ ಪೋಲಿಯೋ ಮಕ್ಕಳೇ ತುಂಬಿರುತ್ತಿದ್ದರು. ಒಂದೊಂದು ಸ್ನಾಯುವನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿ, ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟು ಚಾರ್ಟ್ ಬರೆಯುವ ಕೆಲಸ ದಿನವಿಡೀ ಇರುತ್ತಿತ್ತು. ಅಂದಿನ ಪಾಠಕ್ಕೆ ಅದು ಸರಿಯಾಗಿತ್ತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತ ಎಂದು ಘೋಷಣೆಯಾಯಿತು. ಈಗ ಬರುವವರು ಬೇರೆ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಲಕ್ವದವರು, ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂತು ಕತ್ತು ಹಿಡಿದುಕೊಂಡವರು. ರೋಗಿಗಳು ಬದಲಾದ ಮೇಲೆ ಪಟ್ಟಿಯೂ ಬದಲಾಗಬೇಕು.

ಅದಕ್ಕೆ ಪಟ್ಟಿಯ ಮೇಲೆ ವರ್ಷ ಬರೆದಿಡಿ. ಇಂಟರ್ನ್‌ಷಿಪ್ ಮುಗಿಸುವ ಪ್ರತಿ ಬ್ಯಾಚನ್ನೂ ಹೊರಡುವ ಮೊದಲು ಒಂದು ಗಂಟೆ ಕೂರಿಸಿಕೊಳ್ಳಿ. ಮೂರು ಪ್ರಶ್ನೆ ಕೇಳಿ. ಕಳೆದ ತಿಂಗಳುಗಳಲ್ಲಿ ಯಾವ ಅನಾಟಮಿಯನ್ನು ಓಡಿಹೋಗಿ ಮತ್ತೆ ಓದಬೇಕಾಯಿತು? ಯಾವುದು ಒಮ್ಮೆಯೂ ಬೇಕಾಗಲಿಲ್ಲ? ರೋಗಿಯೋ ಡಾಕ್ಟರೋ ಕೇಳಿದ ಯಾವ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ? ಉತ್ತರಗಳನ್ನು ಅದೇ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಿ. ಮುಂದಿನ ಬ್ಯಾಚಿನ ಟೈಮ್‌ಟೇಬಲ್ ಹಾಕುವ ಮೊದಲು ಆ ಅಂಚನ್ನು ಓದಿ, ಒಂದೆರಡು ಅಂಶವನ್ನು ಈ ರಾಶಿಯಿಂದ ಆ ರಾಶಿಗೆ ಸರಿಸಿದರೆ ಆ ವರ್ಷದ ಕೆಲಸ ಆಯಿತು.